ಬಟ್ಟೆ ಬೀರುವಿನಿಂದ ಶುರುವಾದ ಕೋಳಿಗೂಡು

ನನ್ನ ಮೊದಲ ಕೋಳಿಗೂಡು ಅಸಲಿಗೆ ಒಂದು ಬಟ್ಟೆ ಬೀರು. ಬಾಗಿಲು ಕಳಚಿಕೊಂಡಿದ್ದ ಹಳೇ ಮರದ ಬೀರು. ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಹಿತ್ತಲಿಗೆ ಎಳೆದುಕೊಂಡು ಹೋಗಿ ಮಗ್ಗುಲಾಗಿ ಮಲಗಿಸಿದೆ, ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಬಾಗಿಲಿದ್ದ ಕಡೆ ತೆಳು ತಂತಿಯ ಕೋಳಿ ಬಲೆ, ಒಳಗೆ ಅಡ್ಡಕ್ಕೊಂದು ಕೋಲು, ಮೊಟ್ಟೆ ಇಡಲು ಒಂದು ಡ್ರಾಯರ್ ತುಂಬ ಒಣಹುಲ್ಲು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿದಿತ್ತು. 3 ಹೇಂಟೆ, ಸುಮಾರು 9 ಚದರ ಅಡಿ ಜಾಗ. ಸ್ವಲ್ಪ ಇಕ್ಕಟ್ಟೇ. ಒಂದು ಕೋಳಿಗೆ ಗೂಡಿನೊಳಗೆ 4 ಚದರ ಅಡಿ, ಹೊರಗಿನ ಅಂಗಳದಲ್ಲಿ 8ರಿಂದ 10 ಚದರ ಅಡಿ ಇರಬೇಕು ಎಂಬ ಲೆಕ್ಕ ಆಗ ನನಗೆ ಗೊತ್ತಿರಲಿಲ್ಲ. ಹಗಲೆಲ್ಲ ಹಿತ್ತಲಲ್ಲೇ ಕೆದಕಿಕೊಂಡು ಇರುತ್ತಿದ್ದವು, ಹಾಗಾಗಿ ನಡೆಯಿತು.

ಒಂದು ರಾತ್ರಿ ಗಲಾಟೆ ಕೇಳಿ ಓಡಿದೆ. ಬಲೆಯ ಒಂದು ಮೂಲೆ ಕಿತ್ತು ಹೊರಗೆ ಬಾಗಿತ್ತು. ನಾನು ಹೊಡೆದಿದ್ದ ಸ್ಟೇಪಲ್ ಪಿನ್ನುಗಳು ಸಾಲಾಗಿ ನೆಲಕ್ಕೆ ಬಿದ್ದಿದ್ದವು. ಎರಡು ಕೋಳಿ ಮೂಲೆಗೆ ಅಂಟಿಕೊಂಡು ಕೂತಿದ್ದವು, ಮೂರನೆಯದರ ಗರಿ ಮಾತ್ರ ಇತ್ತು. ಬಂದದ್ದು ಏನು ಅಂತ ಇವತ್ತಿಗೂ ಗೊತ್ತಿಲ್ಲ.

ಕೋಳಿ ಬಲೆ ಎಂಬ ಹೆಸರೇ ಮೋಸ. ಅದು ಕೋಳಿಯನ್ನು ಒಳಗೆ ಇಡುತ್ತದೆ ಅಷ್ಟೇ, ಹೊರಗಿನವರನ್ನು ತಡೆಯುವುದಿಲ್ಲ. ತಂತಿ ತೆಳು, ನಾಯಿ ಹಲ್ಲು ಹಾಕಿ ಎಳೆದರೆ ಹರಿಯುತ್ತದೆ. ಕಣ್ಣು ದೊಡ್ಡದು, ಹೆಗ್ಗಣದ ಮರಿ ಆರಾಮಾಗಿ ನುಸುಳುತ್ತದೆ. ಅವತ್ತಿನಿಂದ ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಬೆಸೆದು ಮಾಡಿದ ಗಟ್ಟಿ ಬಲೆ ಬಿಟ್ಟು ಬೇರೆ ಏನನ್ನೂ ಬಳಸಿಲ್ಲ. ಸ್ಟೇಪಲ್ ಕೂಡ ಹೊಡೆಯುವುದಿಲ್ಲ. ಮೆಶ್ ಮೇಲೆ ಮರದ ಪಟ್ಟಿ ಇಟ್ಟು, ವಾಷರ್ ಹಾಕಿ ಸ್ಕ್ರೂ ಬಿಗಿಯುತ್ತೇನೆ. ದುಡ್ಡು ಜಾಸ್ತಿ, ಕೈ ನೋವು ಅದಕ್ಕಿಂತ ಜಾಸ್ತಿ.

ಆಮೇಲೆ ಹಟ ಹತ್ತಿತು. ಎರಡನೆಯ ಗೂಡು ಭರ್ಜರಿಯಾಗಿರಬೇಕು ಅಂತ ಒಂದು ತಿಂಗಳು ಕೂತು ಕಟ್ಟಿದೆ. 6 ಅಡಿ ಉದ್ದ, 4 ಅಡಿ ಅಗಲ. ಇಳಿಜಾರು ಮಾಡು, ಗಾಜಿನ ಕಿಟಕಿ, ಕಿಟಕಿಗೆ ಪರದೆ, ನೀಲಿ ಬಣ್ಣ. "ರೀ, ಮೊದಲು ನಮ್ಮ ಅಡುಗೆಮನೆ ಕಿಟಕಿಗೆ ಪರದೆ ಹಾಕಿ" ಅಂದಳು ಹೆಂಡತಿ. ನಾನು ಕೇಳಿಸಿಕೊಳ್ಳದವನಂತೆ ಬಣ್ಣ ಬಳಿಯುತ್ತಿದ್ದೆ. ಹೊಸದಾಗಿ 4 ಕೋಳಿ ಬಂದವು, ಒಟ್ಟು 6. ಲೆಕ್ಕಕ್ಕೆ ಸರಿಯಾಗಿತ್ತು.

ನೋಡಲು ಚೆಂದವಿತ್ತು, ಇರಲು ಅಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಬಾಗಿಲು ತೆಗೆದು, ಕೋಳಿ ಮಲಗುವ ಎತ್ತರಕ್ಕೆ ತಲೆ ಒಳಗೆ ಹಾಕಿದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಕಣ್ಣು ಉರಿದು ನೀರು ಬಂತು. ಹಿಕ್ಕೆಯಿಂದ ಏಳುವ ಅಮೋನಿಯ ಅದು. ಚಳಿ ಆಗಬಾರದು ಅಂತ ಸಂದುಗೊಂದನ್ನೆಲ್ಲ ಮುಚ್ಚಿಬಿಟ್ಟಿದ್ದೆ. ಒಳಗಿನ ಗಾಜಿಗೆ ಅವುಗಳ ಉಸಿರೇ ಹನಿಗಟ್ಟಿ ಇಳಿಯುತ್ತಿತ್ತು. ಕೋಳಿಗೆ ಒಣ ಚಳಿ ಅಷ್ಟು ಲೆಕ್ಕಕ್ಕಿಲ್ಲ, ಮೈಮೇಲೆ ಗರಿ ಇದೆಯಲ್ಲ. ತೇವ ಮತ್ತು ಕೆಟ್ಟ ಗಾಳಿ ಮಾತ್ರ ಆಗುವುದಿಲ್ಲ. ಅವತ್ತೇ ಗರಗಸ ತಂದು ಮಾಡಿನ ಕೆಳಗೆ ಎರಡೂ ಕಡೆ ಉದ್ದಕ್ಕೆ 6 ಇಂಚಿನ ಪಟ್ಟಿ ಕೊಯ್ದು ತೆಗೆದೆ, ಅಲ್ಲಿಗೆ ಮೆಶ್ ಹಾಕಿದೆ. ಕೋಳಿಯ ತಲೆಗಿಂತ ಮೇಲೆ ಗಾಳಿ ಆಡುತ್ತದೆ, ಮೈಗೆ ನೇರವಾಗಿ ಬೀಸುವುದಿಲ್ಲ. ಮೂರೇ ದಿನಕ್ಕೆ ಗಾಜು ಒಣಗಿತು.

ಇನ್ನೊಂದು ತಪ್ಪು ನೆನೆದರೆ ಈಗಲೂ ನಗು ಬರುತ್ತದೆ. ಮೊಟ್ಟೆ ಪೆಟ್ಟಿಗೆಗಳನ್ನು ಮಲಗುವ ಕೋಲಿಗಿಂತ ಎತ್ತರದಲ್ಲಿ ಇಟ್ಟಿದ್ದೆ. ಕತ್ತಲಾದರೆ ಕೋಳಿ ಸಿಕ್ಕಿದ್ದರಲ್ಲಿ ಎತ್ತರದ ಜಾಗ ಹುಡುಕುತ್ತದೆ. ಹೀಗಾಗಿ ಎಲ್ಲವೂ ಪೆಟ್ಟಿಗೆಯಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಅದರ ಮೇಲೇ ಮೊಟ್ಟೆ ಇಡುತ್ತಿದ್ದವು. ಪೆಟ್ಟಿಗೆಯನ್ನು ಒಂದೂವರೆ ಅಡಿಗೆ ಇಳಿಸಿ, ಕೋಲನ್ನು ಎರಡೂವರೆ ಅಡಿಗೆ ಏರಿಸಿದೆ. ಅಂದ ಹಾಗೆ, ಆರು ಕೋಳಿಗೆ ಆರು ಪೆಟ್ಟಿಗೆ ಮಾಡಿದ್ದೆ. ಎಲ್ಲಕ್ಕೂ ಬೇಕಾದದ್ದು ಎಡತುದಿಯ ಅದೊಂದೇ. ಒಂದು ಒಳಗೆ ಕೂತಿದ್ದರೆ ಇನ್ನೊಂದು ಎದುರಿಗೆ ನಿಂತು ಬೈಯುತ್ತಿರುತ್ತದೆ. 3-4 ಕೋಳಿಗೆ ಒಂದು ಅಡಿ ಅಗಲ, ಒಂದು ಅಡಿ ಆಳದ ಒಂದು ಪೆಟ್ಟಿಗೆ ಧಾರಾಳವಾಗಿ ಸಾಕು. ಎರಡು ಇಟ್ಟುಕೊಂಡು, ಉಳಿದ ನಾಲ್ಕನ್ನು ಕಿತ್ತು ಸ್ಕ್ರೂ, ಮೊಳೆ ಇಡಲು ಬಳಸುತ್ತಿದ್ದೇನೆ.

ಮಲಗುವ ಕೋಲಿಗೆ ಮೊದಲು ಪೈಪ್ ಹಾಕಿದ್ದೆ. ಜಾರುತ್ತದೆ, ಚಳಿಗೆ ತಣ್ಣಗೆ ಕೊರೆಯುತ್ತದೆ. ಈಗ ಇರುವುದು 2 ಇಂಚು ದಪ್ಪ, 4 ಇಂಚು ಅಗಲದ ಮರದ ಪಟ್ಟಿ, ಅಗಲದ ಮುಖ ಮೇಲೆ. ಅಂಚನ್ನು ಉಜ್ಜುಕಾಗದದಿಂದ ದುಂಡಗೆ ಮಾಡಿದ್ದೇನೆ. ಕೋಳಿ ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳುಗಳನ್ನು ಹೊಟ್ಟೆಯ ಗರಿಯೊಳಗೆ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಒಂದಕ್ಕೆ 10 ಇಂಚು ಅಂತ ಲೆಕ್ಕ ಹಾಕಿದರೆ ಆರಕ್ಕೂ 5 ಅಡಿ. ಮರವಾದರೆ ಒಂದು ತಾಪತ್ರಯ: ತುದಿಯ ಸಂದಿನಲ್ಲಿ ಕೆಂಪು ಉಣ್ಣಿಯಂಥ ಸಣ್ಣ ಹುಳ ಅಡಗಿ ಕೂತು ರಾತ್ರಿ ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಪಟ್ಟಿಯ ಅಡಿಭಾಗಕ್ಕೆ ಬಿಳಿ ಬಟ್ಟೆ ಒರೆಸಿ ನೋಡಿ. ಕೆಂಪು ಗೀರು ಬಂದರೆ ಹುಳ ಇದೆ ಅಂತ.

ಪಟ್ಟಿಯ ಕೆಳಗೊಂದು ತಟ್ಟೆಹಲಗೆ ಇದೆ. ರಾತ್ರಿಯ ಹಿಕ್ಕೆ ಅಲ್ಲಿಗೇ ಬೀಳುತ್ತದೆ, ಬೆಳಿಗ್ಗೆ ಕೆರೆದು ಗೊಬ್ಬರದ ಗುಂಡಿಗೆ ಹಾಕಿದರೆ ಆಯ್ತು. ಇದಕ್ಕೂ ಮುಂಚೆ ಎರಡಡಿ ಬಾಗಿಲಲ್ಲಿ ಅಂಬೆಗಾಲಿಟ್ಟು ಒಳಗೆ ಹೋಗುತ್ತಿದ್ದೆ. ಗೂಡು ಕಟ್ಟುವವರು ಮೊದಲು ತಮ್ಮ ಸೊಂಟದ ಅಳತೆ ತೆಗೆದುಕೊಳ್ಳಬೇಕು. ಈಗ ಒಂದು ಇಡೀ ಗೋಡೆಯೇ ಬಾಗಿಲು.

ಬುಡದಲ್ಲಿ ಕೊರೆದು ಬರುವ ಪ್ರಾಣಿಗಳನ್ನು ತಡೆಯಲು ಗುಂಡಿ ತೋಡಿ ಮೆಶ್ ಹೂಳಲಿಲ್ಲ. ಅಂಗಳದ ಬೇಲಿಯ ಬುಡದಿಂದ ಹೊರಗಡೆಗೆ ಒಂದು ಅಡಿ ಮೆಶ್ ನೆಲದ ಮೇಲೇ ಹಾಸಿ ಗೂಟ ಹೊಡೆದೆ. ಪ್ರಾಣಿ ಬಂದು ಕೆದಕುವುದು ಬೇಲಿಯ ಬುಡದಲ್ಲೇ ಅಲ್ವಾ? ಉಗುರಿಗೆ ತಂತಿ ಸಿಗುತ್ತದೆ, ಹಿಂದೆ ಸರಿದು ಕೊರೆಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಹುಲ್ಲು ಬೆಳೆದು ಈಗ ಮೆಶ್ ಕಾಣುವುದೂ ಇಲ್ಲ.

ಇಷ್ಟಾದ ಮೇಲೆ ಉಳಿದ ಶೋಕಿ ಅಂದರೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ಗಡಿಯಾರದ ಲೆಕ್ಕದಲ್ಲಿ ಸಂಜೆ 6:30ಕ್ಕೆ ಮುಚ್ಚುವಂತೆ ಇಟ್ಟಿದ್ದೆ. ಬೇಸಿಗೆಗೆ ಹಗಲು ಉದ್ದವಾಯಿತು, ನಾನು ಬದಲಿಸಲಿಲ್ಲ. ಒಂದು ದಿನ ಕತ್ತಲಲ್ಲಿ ನೋಡಿದರೆ ಹಳೇ ಬೀರು ಕಾಲದ ಕಂದು ಹೇಂಟೆ ಮಾಡಿನ ತುದಿಯಲ್ಲಿ ಒಂಟಿಯಾಗಿ ಕೂತಿತ್ತು. ಎತ್ತಿಕೊಂಡಾಗ ಕೊರ್ ಎಂದು ಗೊಣಗಿತು. ಈಗಿನ ಬಾಗಿಲು ಬೆಳಕು ನೋಡಿ ಮುಚ್ಚುತ್ತದೆ. ಆದರೂ ಮಲಗುವ ಮುಂಚೆ ಟಾರ್ಚ್ ಹಿಡಿದು ಹೋಗಿ ತಲೆ ಎಣಿಸಿ ಬರುತ್ತೇನೆ.