ಜನರೆದುರೇ ಖೋ ಕತೆ: ನನ್ನ ಅನುಭವ

ಖೋ-ಖೋ ಆಟದ ಹಾಗೆ ಐದು ಜನ ಒಬ್ಬರಾದ ಮೇಲೊಬ್ಬರು ಸಭೆಯ ಎದುರೇ ಒಂದು ಕತೆ ಕಟ್ಟುತ್ತಾರೆ ಅಂದಾಗ ಶಿರಸಿಯ ನನ್ನ ಗೆಳೆಯರು ನಕ್ಕಿದ್ದರು. ‘ಸಂತೇಲಿ ಕೂತು ಜಪ ಮಾಡ್ತೀಯಾ ಮಾರಾಯ? ಇನ್ನೊಬ್ಬ ಬರೆಯೋದನ್ನ ಯಾರು ನೋಡ್ತಾರೆ?’ ಮೊನ್ನೆಯ ಆಟಕ್ಕೆ ಐವತ್ತು ರೂಪಾಯಿ ಟಿಕೆಟ್ ಇಟ್ಟೆ. ತೊಂಬತ್ತರ ಹತ್ತಿರ ಜನ ಬಂದರು, ಕೊನೆತನಕ ಕೂತರು. ನಕ್ಕವರಲ್ಲಿ ಇಬ್ಬರು ಎರಡನೇ ಸಾಲಿನಲ್ಲಿದ್ದರು. ಇದನ್ನು ಹೇಳಲೇಬೇಕಲ್ವಾ!

ಇಲ್ಲಿಗೆ ಮುಟ್ಟುವ ಮುಂಚೆ ಕೈಯಿಂದ ಹೋದದ್ದು ಆರೇಳು ಸಾವಿರ. ಮೊದಮೊದಲು ವಸ್ತುವನ್ನು ಸಭಿಕರಿಂದಲೇ ಕೇಳುತ್ತಿದ್ದೆವು. ಎಲ್ಲಿ ಕೇಳಿದರೂ ಬರುವುದು ಮಳೆ, ಅಮ್ಮ, ಮೊದಲ ಪ್ರೀತಿ. ಅಷ್ಟಾವಧಾನದ ಹಾಗೆ ಪ್ರಶ್ನೆ ಕೇಳುವ ಎಂಟು ಜನ ಪೃಚ್ಛಕರನ್ನೂ ಕೂರಿಸಿ ನೋಡಿದೆ. ಅವಧಾನದಲ್ಲಿ ಕೇಳುವವರೂ ಪಳಗಿದವರು, ಉತ್ತರಿಸುವವರು ಒಬ್ಬರೇ. ನಮ್ಮಲ್ಲಿ ಅರ್ಧ ಗಂಟೆಗೆ ಕತೆ ಹೋಗಿ ಚರ್ಚಾಕೂಟ ಆಯಿತು. ಜನ ಒಬ್ಬೊಬ್ಬರೇ ಚಪ್ಪಲಿ ಹುಡುಕತೊಡಗಿದರು.

ಟೈಪಿಂಗಿನದು ಬೇರೆಯೇ ರಗಳೆ. ಒಬ್ಬರಿಗೆ ನುಡಿ ಕೀಲಿಮಣೆ, ಇನ್ನೊಬ್ಬರಿಗೆ ಇಂಗ್ಲಿಷ್ ಒತ್ತಿ ಕನ್ನಡ ಮಾಡುವ ರೂಢಿ, ಮತ್ತೊಬ್ಬರಿಗೆ ಮೊಬೈಲ್ ಬಿಟ್ಟರೆ ಕೈ ಓಡದು. ಹಳೇ ನುಡಿ ಫಾಂಟಿನ ಫೈಲನ್ನು ಸಭಾಂಗಣದವರ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಧ್ವನಿ ಟೈಪಿಂಗನ್ನು ಫ್ಯಾನಿನ ಸದ್ದು ನುಂಗಿತು. ಕೊನೆಗೆ ಡಿಟಿಪಿ ಅಂಗಡಿಯ ಹುಡುಗಿಯೊಬ್ಬಳನ್ನು ಎಂಟುನೂರು ಕೊಟ್ಟು ಕರೆದೆ. ಕತೆಗಾರರು ಬಾಯಲ್ಲಿ ಹೇಳಬೇಕು, ಅವಳು ಒತ್ತಬೇಕು. ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್, ದೊಡ್ಡ ಅಕ್ಷರ, ಪರದೆಗೆ ಹತ್ತು ಸಾಲು. ಕತೆಗಾರರಿಗೆ ಬರೀ ಚಹಾ, ಇವಳಿಗೆ ದುಡ್ಡಾ ಅಂತ ಗೊಣಗಾಟ ಇದ್ದೇ ಇದೆ. ಇರಲಿ, ಅವಳಿಲ್ಲದೆ ಆಟ ಸಾಗದು.

ದಾರಿ ಹೊಳೆದದ್ದು ತಾಳಮದ್ದಲೆ, ಅಂದರೆ ವೇಷ-ಕುಣಿತ ಇಲ್ಲದ ಯಕ್ಷಗಾನ, ಕೇಳುತ್ತ. ಪ್ರಸಂಗ ಎಲ್ಲರಿಗೂ ಗೊತ್ತು. ಆದರೂ ಪಾತ್ರದ ಮಾತಾಡುವ ಅರ್ಥಧಾರಿ ಈಗ ಏನು ಹೇಳುತ್ತಾನೆ ಅಂತ ಜನ ಕಾಯುತ್ತಾರೆ. ಹಾಗಾದರೆ ಕತೆಗಾರನಿಗಿಂತ ಸಭೆಗೇ ಜಾಸ್ತಿ ಗೊತ್ತಿದ್ದರೆ? ಒಬ್ಬರನ್ನು ವೇದಿಕೆಯಲ್ಲಿಟ್ಟು ಉಳಿದ ನಾಲ್ವರನ್ನು ಮೈಕ್ ಕೇಳದಷ್ಟು ದೂರದ ಚಹಾ ಅಂಗಡಿಗೆ ಅಟ್ಟಿದೆ. ಮೊಬೈಲುಗಳೆಲ್ಲ ನನ್ನ ಚೀಲದಲ್ಲಿ. ಎಂಟು ನಿಮಿಷಕ್ಕೊಂದು ಖೋ. ಹೊಸದಾಗಿ ಬಂದವರಿಗೆ ಕೊನೆಯ ಮೂರು ಸಾಲು ಮಾತ್ರ ಕಾಣುತ್ತದೆ.

ಮೊನ್ನೆ ಮೊದಲನೆಯವರು ಗಂಡನ ಪೆಟ್ಟಿಗೆಯ ಕೀಲಿಯನ್ನು ಸೀತಮ್ಮನ ಕೈಯಿಂದ ಅಕ್ಕಿ ಡಬ್ಬದಲ್ಲಿ ಹುಗಿಸಿದರು. ಎರಡನೆಯವರು ಮನೆಗೆ ನೆಂಟರನ್ನು ಕರೆಸಿದರು. ಮೂರನೆಯವರಿಗೆ ಕಂಡದ್ದು ನೆಂಟರು ಹೊರಟ ಮೂರು ಸಾಲು. ಅವರು ಯೋಚಿಸಿ ಹೇಳಿದರು: ‘ಬಾಗಿಲಲ್ಲಿ ಭಿಕ್ಷೆಯವ ನಿಂತಿದ್ದ. ಸೀತಮ್ಮ ಡಬ್ಬದ ಅಕ್ಕಿಯನ್ನೆಲ್ಲ ಅವನ ಜೋಳಿಗೆಗೆ ಸುರಿದಳು.’ ಸಭೆಯೆಲ್ಲ ಹೋ ಅಂದಿತು. ಅವರಿಗೋ ಯಾಕೆ ಅಂತಲೇ ತಿಳಿಯದು, ಶರ್ಟಿನ ಗುಂಡಿ ಮುಟ್ಟಿ ನೋಡಿಕೊಂಡರು! ಹಿಂದಿನಿಂದ ಒಬ್ಬ ಅಜ್ಜಿ, ‘ಅಯ್ಯೋ, ಅವನನ್ನ ಕರೀರೋ’ ಅಂತ ಕೂಗಿದರು. ಆಮೇಲೆ ಚಪ್ಪಲಿಯ ಕಡೆ ಯಾರೂ ನೋಡಲಿಲ್ಲ.

ಐದೂ ಸರದಿ ಮುಗಿದ ಮೇಲೆ ಇಪ್ಪತ್ತು ನಿಮಿಷ ತಿದ್ದುವುದು. ಸಭಿಕರಿಗೆ ಬಾಯಿ ಬಿಡುವ ಪರವಾನಗಿ ಆಗ ಮಾತ್ರ. ಕೀಲಿಯನ್ನು ಭಿಕ್ಷೆಯವನೇ ತಂದುಕೊಡಲಿ ಅಂತ ಅರ್ಧ ಸಭೆ, ಬೇಡವೇ ಬೇಡ ಅಂತ ಇನ್ನರ್ಧ.

ಇದನ್ನೇ ಒಂದು ಶಾಲೆಯಲ್ಲಿ ಕರಿಹಲಗೆಯ ಮೇಲೆ ಮಾಡಿದೆ. ಮಕ್ಕಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲ್ಲ, ಕಣ್ಣಲ್ಲೇ ಹೇಳಿಬಿಡುತ್ತಾರೆ. ಭಾಮಿನಿ ಷಟ್ಪದಿಯಲ್ಲೂ ಸುಮ್ನೆ ಪ್ರಯತ್ನಿಸಿದೆವು. ಎರಡನೇ ಅಕ್ಷರದ ಪ್ರಾಸ ಹುಡುಕುವುದರಲ್ಲೇ ಎಂಟು ನಿಮಿಷ ಮುಗಿಯುತ್ತದೆ. ಪದ್ಯದ ತಂಟೆ ಬಿಟ್ಟೆ.

ಮೊನ್ನೆಯ ಲೆಕ್ಕ: ಹಾಲ್ ಸಾವಿರದೈನೂರು, ಪ್ರೊಜೆಕ್ಟರ್ ಸಾವಿರ, ಮೈಕ್ ಏಳುನೂರೋ ಎಂಟುನೂರೋ, ಟೈಪಿಂಗ್ ಎಂಟುನೂರು, ಚಹಾ ಅಂಗಡಿಗೆ ಮುನ್ನೂರರ ಮೇಲೆ. ಟಿಕೆಟ್ ದುಡ್ಡಿನಲ್ಲೇ ಎಲ್ಲ ತೀರಿತು, ಜೇಬಿಗೆ ಕೈ ಹಾಕಲಿಲ್ಲ. ಮೂರನೆಯವರಾಗಿ ಯಾರನ್ನು ಕಳಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಕತೆಯ ಮೊದಲ ಸಾಲಿಗೂ ಒಂದಿದೆ. ಅವೆರಡನ್ನು ಕೇಳಬೇಡಿ.