ಮೊರೆಯಾಗೆ ಹೋಗಿದ್ದು, ಅತ್ತೆಯ ಮಂಡಿ ನೋಡಿಕೊಂಡು

ನಾವಿರುವುದು ಸ್ಪೇನಿನ ವಲೆನ್ಸಿಯಾದಲ್ಲಿ. ಹೋದ ನವೆಂಬರ್‌ನಲ್ಲಿ ಅತ್ತೆ, ಮಾವ ಊರಿಂದ ಬಂದಿದ್ದರು. ಸಮುದ್ರ ತೋರಿಸಿದ್ದಾಯಿತು, ಮಾರ್ಕೆಟ್ ತೋರಿಸಿದ್ದಾಯಿತು. ವಾರ ಕಳೆಯುವುದರಲ್ಲಿ ಮಾವನಿಗೆ ಬೇಜಾರು. "ಇಲ್ಲಿ ಕೋಟೆ ಗೀಟೆ ಏನೂ ಇಲ್ವೇನಮ್ಮಾ?" ಅಂದರು. ಇಬ್ಬರೂ ಚಿತ್ರದುರ್ಗದವರು. ಏಳು ಸುತ್ತಿನ ಕೋಟೆ ನೋಡಿ ಬೆಳೆದವರಿಗೆ ಬರೀ ಬೀಚ್ ಎಷ್ಟು ದಿನ ಸಾಕು ಹೇಳಿ?

ಹಾಗಾಗಿ ಮೊರೆಯಾ ಅಂತ ತೀರ್ಮಾನಿಸಿದೆವು. ಕಾಸ್ತೆಯೋನ್ ಜಿಲ್ಲೆಯ ಒಳನಾಡಿನಲ್ಲಿ, ಸುಮಾರು 1000 ಮೀಟರ್ ಎತ್ತರದ ಗುಡ್ಡದ ಮೇಲಿರುವ ಮಧ್ಯಯುಗದ ಊರು. ಸುತ್ತ ಎರಡು ಕಿಲೋಮೀಟರ್‌ಗೂ ಜಾಸ್ತಿ ಉದ್ದದ ಕೋಟೆಗೋಡೆ, ಗೋಡೆಯೊಳಗೆ ಈಗಲೂ ಜನ ವಾಸ.

ನಾವು ಮೂರು ಜನ, ಅಂದರೆ ನಾನು, ನಮ್ಮನೆಯವರು, ಮಗ, ಎರಡು ವರ್ಷದ ಹಿಂದೆ ಒಮ್ಮೆ ಹೋಗಿದ್ದೆವು. ಆವತ್ತು ಮಾಡಿದ್ದೆಲ್ಲ ತಪ್ಪೇ. ಮ್ಯಾಪ್ ಹೇಳಿತು ಅಂತ ಕಾರನ್ನು ಹೆಬ್ಬಾಗಿಲಿನ ಒಳಗೇ ನುಗ್ಗಿಸಿ, ಒಂದು ಓಣಿಯಲ್ಲಿ ಸಿಕ್ಕಿಹಾಕಿಕೊಂಡು, ಬಲಗಡೆಯ ಕನ್ನಡಿ ಕಲ್ಲಿಗೆ ಉಜ್ಜಿತು. ಕೆಳಗಿನಿಂದ ನೆಟ್ಟಗೆ ಮೆಟ್ಟಿಲು ಹತ್ತುತ್ತಾ ಹೋದೆವು. ಅರ್ಧಕ್ಕೇ ಮಗ ಹೆಗಲ ಮೇಲೆ. ಎರಡು ಗಂಟೆಗೆ ಅಂಗಡಿಗಳು ಬಾಗಿಲು ಹಾಕಿದವು, ಸಂಜೆವರೆಗೆ ತೆಗೆಯಲಿಲ್ಲ. ಈ ಸಲ ಜೊತೆಗೆ ಅತ್ತೆಯ ಮಂಡಿನೋವು ಬೇರೆ. ಅದಕ್ಕೇ ಏನೇನು ನೋಡಬೇಕು ಅಂತ ಪಟ್ಟಿ ಮಾಡಲಿಲ್ಲ. ಅತ್ತೆ ಎಲ್ಲೆಲ್ಲಿ ಮೇಲೆ ಹತ್ತಬೇಕಾಗುತ್ತದೆ ಅಂತ ಪಟ್ಟಿ ಮಾಡಿದೆವು.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಚಪಾತಿ, ಬದನೆಕಾಯಿ ಪಲ್ಯ, ಮೊಸರನ್ನ. ಫ್ಲಾಸ್ಕಿನಲ್ಲಿ ಟೀ. ಕಾಸ್ತೆಯೋನ್ ದಾಟಿ ಸಿವಿ-10 ಹಿಡಿದು, ಆಮೇಲೆ ಎನ್-232ಕ್ಕೆ ಸೇರಿಕೊಂಡರೆ ಆಯಿತು. ಒಟ್ಟು ಎರಡು ಗಂಟೆ ಚಿಲ್ಲರೆ ದಾರಿ. ಕೊನೆಯ ಭಾಗ ಪೂರ್ತಿ ಘಾಟಿ, ವಾಂತಿ ಬರುವವರಿದ್ದರೆ ಮುಂದಿನ ಸೀಟಿನಲ್ಲಿ ಕೂರಿಸಿ. ಒಂದು ತಿರುವಿನಲ್ಲಿ ಊರು ಒಮ್ಮೆಗೇ ಎದುರಿಗೆ ಬಂದುಬಿಡುತ್ತದೆ. ಕೆಳಗೆ ಗೋಡೆ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಮನೆಗಳು, ತುತ್ತತುದಿಯಲ್ಲಿ ಬಂಡೆ, ಬಂಡೆಯ ಮೇಲೆ ಕೋಟೆ. ಮಾವ ಕಿಟಕಿ ಇಳಿಸಿ, "ನಾಯಕನಹಟ್ಟಿ ತೇರು ನಿಂತಂಗೈತಲ್ಲೋ!" ಅಂದರು. ಎರಡು ವರ್ಷದಿಂದ ನನಗೆ ಸಿಗದೇ ಇದ್ದ ಹೋಲಿಕೆ ಅದು.

ಅತ್ತೆ, ಮಾವ, ಮಗನನ್ನು ಸ್ಯಾನ್ ಮಿಗೆಲ್ ಬಾಗಿಲ ಹತ್ತಿರವೇ ಇಳಿಸಿ, ನಾವಿಬ್ಬರೂ ಕಾರನ್ನು ಗೋಡೆಯ ಹೊರಗೆ ನಿಲ್ಲಿಸಿ ನಡೆದು ಬಂದೆವು. ಜೋಡಿ ಬುರುಜಿನ ಬಾಗಿಲು ಇದು, 14ನೇ ಶತಮಾನದ್ದು. ಪಕ್ಕದಲ್ಲೇ ಡೈನೋಸಾರ್ ಮ್ಯೂಸಿಯಂ. ಈ ಸೀಮೆಯಲ್ಲಿ ಇಗ್ವಾನೊಡಾನ್ ಮೂಳೆಗಳು ಸಿಕ್ಕಿವೆ. ಮಗನಿಗೆ ಅದನ್ನೇ ಮೊದಲು ತೋರಿಸಿಬಿಟ್ಟೆವು, ಇಲ್ಲದಿದ್ದರೆ ಇಡೀ ದಿನ ಅದೇ ರಾಗ.

ಈ ಊರಿನ ಗುಟ್ಟು ಮೊದಲ ಸಲ ನಮಗೆ ಗೊತ್ತಾಗಿರಲಿಲ್ಲ. ಗುಡ್ಡವನ್ನು ಬಳಸಿಕೊಂಡು ಹೋಗುವ ಅಡ್ಡ ಬೀದಿಗಳು ಹೆಚ್ಚುಕಡಿಮೆ ಸಮ. ಒಂದು ಬೀದಿಯಿಂದ ಮೇಲಿನ ಬೀದಿಗೆ ಹೋಗುವ ಓಣಿಗಳೆಲ್ಲ ಮೆಟ್ಟಿಲು. ಅಡ್ಡ ನಡೆಯುತ್ತಾ ಇದ್ದರೆ ಮಂಡಿಗೆ ತೊಂದರೆಯೇ ಇಲ್ಲ, ಮೇಲೆ ಹತ್ತುವುದನ್ನು ಮಾತ್ರ ಲೆಕ್ಕ ಹಾಕಿ ಖರ್ಚು ಮಾಡಬೇಕು. ದೊಡ್ಡ ಬೀದಿಯಲ್ಲಂತೂ ಮನೆಗಳ ಕೆಳಗೆ ಉದ್ದಕ್ಕೂ ಕಂಬಸಾಲಿನ ಜಗಲಿ. ಮಳೆಗೂ ಬಿಸಿಲಿಗೂ ಅನುಕೂಲ. ಅತ್ತೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಗ ಆರಿಸಿದ ನೀಲಿ ಶೂ ಹಾಕಿಕೊಂಡು ಆ ಜಗಲಿಯಲ್ಲಿ ಆರಾಮಾಗಿ ನಡೆದರು. ನೆಲದ ಕಲ್ಲು ಸವೆದು ನುಣ್ಣಗಾಗಿದೆ, ಚಪ್ಪಲಿ ಸಾಕಾಗಲ್ಲ.

ಅಲ್ಲೇ ಒಂದು ಅಂಗಡಿಯಲ್ಲಿ ಮಾವ ನಿಂತುಬಿಟ್ಟರು. ಮೊರೆಯಾದ ಉಣ್ಣೆ ಕಂಬಳಿ, ಬಣ್ಣಬಣ್ಣದ ಪಟ್ಟೆಯದು. ಚಳ್ಳಕೆರೆ ಕಂಬಳಿ ಹೊದ್ದವರು ಸುಮ್ನೆ ಬಿಡುತ್ತಾರಾ? ಅಂಚು ಬಿಡಿಸಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು, ಒಂದು ಎಳೆ ಉಗುರಿಂದ ಮೀಟಿದರು. "ಇದು ಚುಚ್ಚಲ್ಲ. ಚುಚ್ಚದೇ ಇದ್ರೆ ಕಂಬಳಿ ಹೆಂಗಾಯ್ತದೆ?" ಅಂದರು. ಮಧ್ಯಯುಗದಲ್ಲಿ ಈ ಸೀಮೆಯ ಉಣ್ಣೆ ಇಟಲಿವರೆಗೂ ಹೋಗುತ್ತಿತ್ತು, ಊರಿನ ದೊಡ್ಡ ಮನೆಗಳು ಎದ್ದದ್ದು ಆ ದುಡ್ಡಿನಲ್ಲೇ ಅಂತ ನಾನು ಹೇಳಿದೆ. "ಕುರಿ ಇದ್ದ ಕಡೆ ಕಾಸು" ಅಂತ ತಲೆಯಾಡಿಸಿದರು. ಕೊಳ್ಳಲಿಲ್ಲ.

ಊಟದ ವಿಷಯ ಸ್ವಲ್ಪ ಹೇಳಬೇಕು. ಇದು ಮಾಂಸದ ಸೀಮೆ. ನೋಡಲು ಸಪ್ಪೆ ಸಾರಿನಂತಿರುವ ಸೂಪಿಗೂ ಮಾಂಸ ಬೇಯಿಸಿದ ನೀರೇ ಬಳಸುತ್ತಾರೆ. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಅಂದರೆ ಮೀನು ಹಾಕಿ ಕೊಟ್ಟದ್ದೂ ನನ್ನ ಅನುಭವದಲ್ಲಿದೆ. ನಾವು ಕೋಟೆಯ ಬುಡದ ಅಲಮೇಡಾ ಅನ್ನುವ ಮರದ ಸಾಲಿನ ದಾರಿಯಲ್ಲಿ ಕೂತು ಡಬ್ಬಿ ಬಿಚ್ಚಿದೆವು. ಗಾಳಿಗೆ ಚಿತ್ರಾನ್ನದ ಕಡಲೆಕಾಯಿ ಬೀಜ ಕೂಡ ತಣ್ಣಗಾಗಿತ್ತು. ಆಮೇಲೆ ಎಲ್ಲರಿಗೂ ಒಂದೊಂದು 'ಫ್ಲಾಓ' ತೆಗೆದೆ. ಅರ್ಧಚಂದ್ರಾಕಾರ, ಒಳಗೆ ಬಾದಾಮಿ ಮತ್ತು ಹಾಲಿನ ಗಿಣ್ಣದ ಹೂರಣ, ಸ್ವಲ್ಪ ಚಕ್ಕೆಯ ವಾಸನೆ. ಥೇಟ್ ಕರ್ಜಿಕಾಯಿ. ಅತ್ತೆ ಕೈಗೆ ತಗೊಂಡು, "ಮೊಟ್ಟೆ?" ಅಂದರು. ಇದೆ ಅಂದೆ. ವಾಪಸ್ ಇಟ್ಟರು. ಅವರ ಪಾಲನ್ನು ಮಾವ ಯಾರಿಗೂ ಕೇಳದೆ ಮುಗಿಸಿದರು.

ಕೋಟೆಗೆ ಅತ್ತೆ ಬರಲಿಲ್ಲ. ಅವರ ಜೊತೆ ನಮ್ಮನೆಯವರು ಸಾಂತಾ ಮರಿಯಾ ಚರ್ಚಿಗೆ ಹೋದರು. ಅಲ್ಲಿ ಕಂಬದ ಸುತ್ತ ಸುತ್ತಿಕೊಂಡು ಏರುವ ಕೆತ್ತನೆಯ ಮೆಟ್ಟಿಲಿದೆ. "ಬರೀ ನೋಡೋದು, ಹತ್ತೋ ಹಂಗಿಲ್ಲ" ಅಂತ ಅತ್ತೆಗೆ ಖುಷಿಯೋ ಖುಷಿ.

ಕೋಟೆಗೆ ದಾರಿ ಹಳೆಯ ಸ್ಯಾನ್ ಫ್ರಾನ್ಸಿಸ್ಕೋ ಮಠದ ಮೂಲಕ. ಅಲ್ಲಿನ ಒಂದು ಕೋಣೆಯ ಗೋಡೆಯ ಮೇಲೆ 15ನೇ ಶತಮಾನದ ಚಿತ್ರವಿದೆ. ರಾಜ, ಪಾದ್ರಿ, ಬಡವ, ಎಲ್ಲರೂ ಕೈ ಕೈ ಹಿಡಿದು ಹೆಣದ ಸುತ್ತ ಕುಣಿಯುತ್ತಿದ್ದಾರೆ. ನೋಡದೇ ಮುಂದೆ ಹೋಗಬೇಡಿ. ಮೇಲೆ ಕೋಟೆಯಲ್ಲಿ ಬಂಡೆಯನ್ನೇ ಗೋಡೆ ಮಾಡಿಕೊಂಡಿದ್ದಾರೆ, ದುರ್ಗದ ಹಾಗೇ. ಮಾವ ಮೊದಲು ಹುಡುಕಿದ್ದು ನೀರು. "ನೀರಿಲ್ಲದ ಕೋಟೆ ಎಷ್ಟು ದಿನ ನಿಲ್ತದೆ?" ತೊಟ್ಟಿಗಳನ್ನು ತೋರಿಸಿದ ಮೇಲೆ, ಕೆಳಗೆ ಊರಿಗೆ ನೀರು ತರುತ್ತಿದ್ದ ಕಮಾನುಗಳ ಕಾಲುವೆ ಕಾಣಿಸಿದ ಮೇಲೆ ಸಮಾಧಾನ. ಮಗ ಹುಡುಕಿದ್ದು ಓಬವ್ವನ ಕಿಂಡಿ. ಸಿಗಲಿಲ್ಲ. ಕೋಟೆಗೆ ಪೂರ್ತಿ ಮಾರ್ಕ್ಸ್ ಕೊಡಲಿಲ್ಲ.

ಇಳಿಯುವಾಗ ಒಂದು ಮನೆಯ ಮುಂದೆ ಎಲ್ಲರೂ ಸೇರಿದೆವು. ಗೋಡೆಯ ಮೇಲೆ ಫಲಕ, 1414 ಅಂತ ಇಸವಿ. ಆ ವರ್ಷ ಪೋಪ್ 13ನೇ ಬೆನೆಡಿಕ್ಟ್, ಅರಗಾನ್‌ನ ದೊರೆ ಒಂದನೇ ಫರ್ಡಿನಾಂಡ್ ಮತ್ತು ವಲೆನ್ಸಿಯಾದ ಸಂತ ವಿಸೆಂಟ್ ಫೆರರ್ ಈ ಊರಿನಲ್ಲಿ ಸೇರಿದ್ದರು. ಆಗ ಒಬ್ಬರಿಗಿಂತ ಜಾಸ್ತಿ ಪೋಪ್‌ಗಳಿದ್ದ ಕಾಲ. ಆ ಜಗಳ ಬಗೆಹರಿಸುವ ಮಾತುಕತೆ. ಬಗೆಹರಿಯಲಿಲ್ಲ. ವಿಸೆಂಟ್ ನಮ್ಮ ಊರಿನವನೇ. ಈಸ್ಟರ್ ಆದಮೇಲೆ ಅವನ ಹೆಸರಲ್ಲಿ ಒಂದು ಸೋಮವಾರ ಮಗನಿಗೆ ರಜೆ ಸಿಗುತ್ತದೆ. ಆದರೆ ಫಲಕ ಹೇಳುವ ಕಥೆ ಬೇರೆ. ಸಂತ ಊಟಕ್ಕೆ ಬರುತ್ತಾನೆ ಅಂತ ಈ ಮನೆಯ ತಾಯಿ, ಮತಿಗೆಟ್ಟು, ತನ್ನ ಮಗುವನ್ನೇ ಕಡಿದು ಅಡುಗೆ ಮಾಡಿದಳಂತೆ. ಸಂತ ಮಗುವನ್ನು ಬದುಕಿಸಿದ. ಕಿರುಬೆರಳು ಒಂದು ಮಾತ್ರ ಬರಲಿಲ್ಲ. ಯಾಕೆಂದರೆ ಉಪ್ಪು ಸರಿಯಾಗಿದೆಯಾ ಅಂತ ತಾಯಿ ರುಚಿ ನೋಡಿಬಿಟ್ಟಿದ್ದಳು ಅಂತ ಜನ ಹೇಳುತ್ತಾರೆ.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ನನ್ನ ಕೈ ಹಿಡಿದರು. "ಇದು ನಮ್ಮ ಸಿರಿಯಾಳನ ಕಥೆ ಅಲ್ವೇನೇ!" ಎರಡು ವರ್ಷದ ಹಿಂದೆ ಇದೇ ಫಲಕದ ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗಿದ್ದೆ. ಹೊಳೆದಿರಲಿಲ್ಲ. ಅತ್ತೆ ಮೂರು ಸಲ ಆ ಗೋಡೆ ನೋಡಿದರು. ಆಮೇಲೆ, "ಆದ್ರೆ ಚಂಗಳೆಗೆ ಮತಿ ಕೆಟ್ಟಿರಲಿಲ್ಲ. ಗೊತ್ತಿದ್ದೇ ಮಾಡಿದ್ಲು" ಅಂದರು.

ಆರು ಗಂಟೆಗೆಲ್ಲ ಕತ್ತಲು. ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಅತ್ತೆ ಸಿರಿಯಾಳನ ಕಥೆ ಶುರು ಮಾಡಿದ್ದರು. ಶಿವ ಜಂಗಮನ ವೇಷದಲ್ಲಿ ಬಂದದ್ದು, ಕೇಳಬಾರದ್ದನ್ನು ಕೇಳಿದ್ದು, ಕೊನೆಗೆ ಹೆಸರು ಹಿಡಿದು ಕರೆದಾಗ ಚೀಲಾಳ ಓಡಿ ಬಂದದ್ದು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಜ್ಜಿ, ಚೀಲಾಳನಿಗೆ ಹತ್ತೂ ಬೆರಳು ಇತ್ತಾ?"

"ಹತ್ತೂ ಇತ್ತಪ್ಪ. ಚಂಗಳೆ ರುಚಿ ನೋಡಿರಲಿಲ್ಲ."