ಹಳೇ ದಾವಣಗೆರೆ ಚೇತರಿಸಿಕೊಳ್ಳಬೇಕಾದರೆ ರಾಜ್ಯ ಸರ್ಕಾರ ಎಲ್ಲಿಂದ ಶುರು ಮಾಡಬೇಕು

ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸಗಾರರ ಮನೆಮಂದಿ ಹಳೇ ಓಣಿಗಳಲ್ಲೇ ಉಳಿದರು, ದುಡ್ಡು ಮಾತ್ರ ಹೊಸ ಬಡಾವಣೆಗಳ ಕಡೆ ಹೋಯಿತು. 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ನಮ್ಮೂರು ಇತ್ತು. ಆದರೆ ಹಳೇ ಪೇಟೆಗೆ ಕಾಮಗಾರಿಗಿಂತ ಮೊದಲು ಬೇಕಾಗಿರೋದು ಸರಿಯಾದ ಕಾಗದಪತ್ರ.

ಯಾವುದಾದರೂ ಹಳೇ ಮನೆ ನೋಡಿ. ಖಾತೆ ಇನ್ನೂ ತಾತನ ಹೆಸರಲ್ಲೇ ಇರುತ್ತೆ. ತಾತ ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಮೊಮ್ಮಕ್ಕಳು ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ, ಇತ್ತ ಛಾವಣಿ ಸೋರುತ್ತಿದ್ದರೂ ಬ್ಯಾಂಕ್ ಸಾಲ ಕೊಡಲ್ಲ, ಮಾರೋಕೂ ಆಗಲ್ಲ, ಕೊನೆಗೆ ಬಾಗಿಲಿಗೆ ಬೀಗ. ಹಾಗಾಗಿ ಸರ್ಕಾರ ವಾರ್ಡ್‌ನಲ್ಲೇ ಶಿಬಿರ ಹಾಕಲಿ. ಕಂದಾಯ, ಪಾಲಿಕೆ, ನೋಂದಣಿ ಮೂರೂ ಕಡೆಯವರು ಒಟ್ಟಿಗೆ ಕೂತು ವಂಶವೃಕ್ಷ, ಮರಣ ಪತ್ರ, ತೆರಿಗೆ ರಸೀದಿ ನೋಡಿ ಇ-ಖಾತೆ ಮಾಡಿಕೊಡಲಿ. ಜನ ಮೂರು ಆಫೀಸು ಸುಮ್ನೆ ಯಾಕೆ ಅಲೀಬೇಕು? ಖಾತೆ ಆದವರಿಗೆ ಮನೆ ರಿಪೇರಿ ಸಾಲ ಕೊಡಿಸಿ, ಬಡ್ಡಿಯ ಒಂದು ಪಾಲನ್ನು ರಾಜ್ಯವೇ ಕಟ್ಟಲಿ.

ಆಮೇಲೆ ದುಡಿಮೆ. ಇರುವ ಕಸುಬನ್ನು ಮೊದಲು ಉಳಿಸಿ. ಮಂಡಕ್ಕಿ ಭಟ್ಟಿಗೆ ಹೋಗಿ ನಿಂತರೆ ಗೊತ್ತಾಗುತ್ತೆ: ಕಾದ ಮರಳಲ್ಲಿ ಅಕ್ಕಿ ಚಟಪಟ ಅಂತ ಅರಳುತ್ತೆ, ಪಕ್ಕದಲ್ಲಿ ಹುರಿಯುವವರ ಕಣ್ಣು ಹೊಗೆಗೆ ಕೆಂಪಾಗಿರುತ್ತೆ. ಹೊಗೆ ಕಡಿಮೆಯಾಗುವ ಒಲೆಗೆ, ಚಿಮಣಿಗೆ ಸಬ್ಸಿಡಿ ಕೊಡಿ. ಭಟ್ಟಿಯನ್ನೇ ಊರಾಚೆ ಎತ್ತಿ ಹಾಕಿದರೆ ನಡೆದುಕೊಂಡು ಕೆಲಸಕ್ಕೆ ಬರುವವರು ಬಸ್ ಚಾರ್ಜಿಗೇ ಕೂಲಿ ಕಳೆದುಕೊಳ್ಳುತ್ತಾರೆ, ಅಲ್ವಾ?

ರಸ್ತೆಯ ವಿಷಯ ಇಷ್ಟೇ. ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಕಡೆಗೆ ಕಾಂಕ್ರೀಟು. ಈ ಕ್ರಮ ಮುರಿದರೆ ಊರುಗಳ ಕಾಮಗಾರಿಗೆ ರಾಜ್ಯ ದುಡ್ಡು ಕೊಡುವ ನಗರೋತ್ಥಾನ ಯೋಜನೆಯ ಅನುದಾನ ಬಿಡುಗಡೆ ಮಾಡಲೇಬಾರದು.

ಇದನ್ನೆಲ್ಲ ತೀರ್ಮಾನ ಮಾಡೋದು ಯಾರು? 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತೆ. 2011ರ ಜನಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿದೆ. ಸಮಿತಿ ಕೈಗೆ ಸ್ವಲ್ಪವಾದರೂ ದುಡ್ಡು ಕೊಡಿ, ಬಾಡಿಗೆದಾರರಿಗೂ ಬೀದಿ ವ್ಯಾಪಾರಿಗಳಿಗೂ ಅದರಲ್ಲಿ ಜಾಗ ಇರಲಿ. ಕಾಮಗಾರಿಯ ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಸಬೇಕಾದ ತಾರೀಕು ಮೂರನ್ನೂ ಓಣಿಯ ಬಾಯಲ್ಲೇ ಕನ್ನಡದಲ್ಲಿ, ಉರ್ದುವಿನಲ್ಲಿ ದೊಡ್ಡದಾಗಿ ಬರೆಸಿ ಹಾಕಿ.